ಮಂಗಳವಾರದ ಉತ್ತರದಲ್ಲಿ ಒಂದು 'ಆದರೂ'

ಲೋಕಸಭೆಯಲ್ಲಿ ಗೃಹ ಸಚಿವಾಲಯದ ಪ್ರಶ್ನೆಗಳಿಗೆ ಗೊತ್ತುಮಾಡಿದ ದಿನ ಮಂಗಳವಾರ. ಸಚಿವರೇ ಎದ್ದುನಿಂತು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಲ್ಲಿ 20 ಇರುತ್ತವೆ, ಲಿಖಿತ ಉತ್ತರ ಪಡೆಯುವವು 230. ಕನಿಷ್ಠ 15 ದಿನ ಮುಂಚಿತವಾಗಿ ಸೂಚನೆ ಕೊಟ್ಟು, ಚೀಟಿ ಎತ್ತುವಾಗ ಹೆಸರು ಬಂದರೆ ಮುಂಬೈಯ ಸಂಸದರೊಬ್ಬರು ತಮ್ಮ ಕ್ಷೇತ್ರದಲ್ಲಾದ ಕೋಮು ಘರ್ಷಣೆಯ ಬಗ್ಗೆ ಕೇಳಬಹುದು. ಉತ್ತರದ ಮೊದಲ ವಾಕ್ಯ ಏನಿರುತ್ತದೆಂದು ಅಂಥ ಉತ್ತರಗಳನ್ನು ಓದುತ್ತ ಬಂದವರಿಗೆ ಮೊದಲೇ ಗೊತ್ತಿರುತ್ತದೆ: ಕೇಂದ್ರ-ರಾಜ್ಯಗಳ ನಡುವೆ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ 'ಪೊಲೀಸ್' ಮತ್ತು 'ಸಾರ್ವಜನಿಕ ಸುವ್ಯವಸ್ಥೆ' ರಾಜ್ಯದ ವಿಷಯಗಳು. ಅದೇ ಸದಸ್ಯರು ಭಯೋತ್ಪಾದನೆಯ ಬಗ್ಗೆ ಕೇಳಿದರೂ ಈ ವಾಕ್ಯ ಬರುವುದುಂಟು. ಆದರೆ ಅಲ್ಲಿ ಅದರ ಬೆನ್ನಿಗೆ 'ಆದರೂ' ಎಂಬ ಒಂದು ಪದ ಬಂದು, ಕೇಂದ್ರ ಸರ್ಕಾರ ಕೈಗೊಂಡ ಕ್ರಮಗಳ ವಿವರ ಉದ್ದಕ್ಕೆ ಸಾಗುತ್ತದೆ. ಮೊದಲನೆಯ ಉತ್ತರ ಹೆಚ್ಚಾಗಿ ಒಂದೆರಡು ಪ್ಯಾರಾಗಳಲ್ಲಿ ಮುಗಿದುಹೋಗುತ್ತದೆ.

ಈ 'ಆದರೂ' ಒಂದು ಕಡೆ ಹೇಗೆ ಬಂದು ಸೇರಿತು, ಇನ್ನೊಂದು ಕಡೆ ಯಾಕೆ ಬರಲಿಲ್ಲ ಎಂಬುದರ ಹಿಂದೆ ಆರು ದಶಕಗಳ ಇತಿಹಾಸವಿದೆ, ಮತ್ತು ಅದರ ದೊಡ್ಡ ಭಾಗ ಮುಂಬೈಯ ಬೀದಿಗಳಲ್ಲಿ ನಡೆದದ್ದು. ಭದ್ರತೆ ಮತ್ತು ಸಾಮರಸ್ಯ ಮೊದಲಿನಿಂದಲೂ ಬೇರೆ ಬೇರೆ ಕಡತಗಳಾಗಿರಲಿಲ್ಲ ಎಂಬುದನ್ನು ಇವತ್ತಿನ ಚರ್ಚೆಗಳಲ್ಲಿ ಬಹುತೇಕ ಎಲ್ಲರೂ ಮರೆತಿದ್ದಾರೆ. ಜಬಲ್ಪುರದಲ್ಲಿ ಕೋಮು ಗಲಭೆ ನಡೆದ 1961ರಲ್ಲೇ ನೆಹರೂ ರಾಷ್ಟ್ರೀಯ ಏಕತಾ ಮಂಡಳಿಯನ್ನು ರಚಿಸಿದರು. ಜಾತಿ, ಭಾಷೆ, ಧರ್ಮಗಳ ಹೆಸರಿನ ಬಿರುಕುಗಳನ್ನು ಹೇಗೆ ಮುಚ್ಚುವುದೆಂದು ಯೋಚಿಸುವುದು ಅದರ ಕೆಲಸವಾಗಿತ್ತು. ಆ ಮಂಡಳಿ ನೇಮಿಸಿದ, ಸಿ. ಪಿ. ರಾಮಸ್ವಾಮಿ ಅಯ್ಯರ್ ನೇತೃತ್ವದ ಸಮಿತಿಯ ಶಿಫಾರಸಿನಂತೆ ದೇಶದ ಅಖಂಡತೆಯ ಹೆಸರಿನಲ್ಲಿ ವಾಕ್ ಸ್ವಾತಂತ್ರ್ಯದಂಥ ಹಕ್ಕುಗಳಿಗೆ ಮಿತಿ ಹಾಕಲು ಅವಕಾಶ ಕೊಡುವ 16ನೇ ತಿದ್ದುಪಡಿ 1963ರಲ್ಲಿ ಸಂವಿಧಾನಕ್ಕೆ ಬಂತು, ಅದರ ಮುಂದುವರಿಕೆಯಾಗಿ 1967ರ ಡಿಸೆಂಬರ್‌ನಲ್ಲಿ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಇಂದು ಎಲ್ಲರ ಬಾಯಲ್ಲಿರುವ ಯುಎಪಿಎ, ಜಾರಿಯಾಯಿತು. ದೇಶದ ಅತ್ಯಂತ ಕಠಿಣ ಭದ್ರತಾ ಕಾಯ್ದೆಯ ತವರುಮನೆ ಸಾಮರಸ್ಯಕ್ಕೆಂದು ಕಟ್ಟಿದ ಮಂಡಳಿಯೇ. ಕಾಯ್ದೆ ಬೆಳೆಯುತ್ತ ಹೋಯಿತು, ಮಂಡಳಿ ಅಪರೂಪಕ್ಕೊಮ್ಮೆ ಸಭೆ ಸೇರುವ ಸಂಸ್ಥೆಯಾಯಿತು.

ಅದೇ 1967 ಮುಂಬೈಯ ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೂ ನೆನಪಿರಬೇಕಾದ ವರ್ಷ. ಹಿಂದಿನ ವರ್ಷದ ಜೂನ್ 19ರಂದು ಹುಟ್ಟಿದ ಶಿವಸೇನೆ ನಗರದ ದಕ್ಷಿಣ ಭಾರತೀಯರ ವಿರುದ್ಧ ದನಿಯೆತ್ತಿತ್ತು. ಕಚೇರಿಯ ಟೈಪಿಸ್ಟ್, ಉಡುಪಿ ಹೋಟೆಲಿನ ಮಾಲೀಕ, ಅಲ್ಲಿನ ಮಾಣಿ ಎಲ್ಲರೂ ಆ ಘೋಷಣೆಗಳಲ್ಲಿ 'ಮದ್ರಾಸಿ'ಗಳೇ ಆಗಿದ್ದರು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ, ಹತ್ತು ವರ್ಷ ಮುಂಬೈಯನ್ನು ಪ್ರತಿನಿಧಿಸಿದ್ದ ಮಾಜಿ ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರಿಗೆ ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ. ಈಶಾನ್ಯ ಮುಂಬೈಯಿಂದ ಪಕ್ಷೇತರರಾಗಿ ನಿಂತ ಅವರನ್ನು ಹೊರಗಿನವರೆಂದು ಹೀಗಳೆದು ಶಿವಸೇನೆ ಪ್ರಚಾರ ಮಾಡಿತು, ಅವರು ಸೋತರು. ದೇಶದ ಗಡಿಯನ್ನು ಕಾಯುವ ಖಾತೆ ನೋಡಿಕೊಂಡಿದ್ದವರನ್ನು ನಗರದೊಳಗಿನ ಗಡಿರೇಖೆಯೊಂದು ಸೋಲಿಸಿತೆನ್ನಬಹುದು. 1962ರ ಯುದ್ಧದ ಕಳಂಕ ಅವರ ಬೆನ್ನಿಗಿತ್ತೆಂಬುದನ್ನೂ ಸೇರಿಸಿಯೇ ಹೇಳಬೇಕು. ದಕ್ಷಿಣ ಮುಂಬೈಯಲ್ಲಿ ಮಾತ್ರ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕಾಂಗ್ರೆಸ್ಸಿನ ದಿಗ್ಗಜ ಎಸ್. ಕೆ. ಪಾಟೀಲರನ್ನು ಮಣಿಸಿದರು. ಅದೇ ಕರಾವಳಿಯವರಾದರೂ ಜಾರ್ಜ್ ಟ್ಯಾಕ್ಸಿ ಚಾಲಕರ, ಹೋಟೆಲ್ ಕಾರ್ಮಿಕರ, ಪಾಲಿಕೆ ನೌಕರರ ಸಂಘಗಳನ್ನು ಕಟ್ಟಿ ನಗರಕ್ಕೆ ಬೇರಿಳಿಸಿದ್ದರು. ಮುಂದೆ 1998ರಿಂದ 2004ರವರೆಗಿನ ಅವಧಿಯಲ್ಲಿ ಮೆನನ್ ಕೂತಿದ್ದ ಕುರ್ಚಿಯಲ್ಲೇ ಕೂತವರೂ ಅವರೇ.

ಇದಾದ ಎರಡು ವರ್ಷಕ್ಕೆ, 1969ರ ಫೆಬ್ರವರಿಯಲ್ಲಿ, ಬೆಳಗಾವಿಯ ಗಡಿ ವಿವಾದ ಮುಂಬೈಯಲ್ಲಿ ಹೊತ್ತಿ ಉರಿಯಿತು. ಕಲ್ಲು, ಬೆಂಕಿ, ಗೋಲಿಬಾರು, ಸಾವುಗಳ ಆ ದಿನಗಳಲ್ಲಿ ಶಿವಸೇನೆಯ ಸ್ಥಾಪಕ ಬಾಳ್ ಠಾಕ್ರೆಯವರ ಬಂಧನವೂ ಆಯಿತು. ಅಂದು ಶಟರ್ ಎಳೆದು ಒಳಗೆ ಕೂತಿದ್ದ ಹೋಟೆಲಿನವರಿಗೆ ಭದ್ರತೆ ಬೇರೆ, ಸಾಮರಸ್ಯ ಬೇರೆ ಎಂದು ಯಾರಾದರೂ ವಿಂಗಡಿಸಿ ಹೇಳಿದ್ದರೆ ಅರ್ಥವೇ ಆಗುತ್ತಿರಲಿಲ್ಲ. ಅದೇ ವರ್ಷ ತಿದ್ದುಪಡಿಯಾದ ದಂಡಸಂಹಿತೆಯ 153ಎ ಸೆಕ್ಷನ್‌ನಲ್ಲಿ ಧರ್ಮದ ಜೊತೆಗೆ ಜನ್ಮಸ್ಥಳ, ವಾಸಸ್ಥಳ, ಭಾಷೆ ಎಂಬ ಪದಗಳೂ ಸಾಲಾಗಿ ನಿಂತಿದ್ದವು. ವೈಷಮ್ಯ ಹರಡುವುದು ಅಪರಾಧವೆಂದು ಪುಸ್ತಕದಲ್ಲಿ ಬರೆದದ್ದಾಯಿತು. ಆದರೆ ಆ ಅಪರಾಧಕ್ಕೆ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು, ಮತ್ತು ಆ ಅನುಮತಿಯ ಕಾಗದ ಯಾವ ಮೇಜಿನ ಮೇಲೆ ಎಷ್ಟು ವರ್ಷ ಮಲಗಬೇಕೆಂಬುದಕ್ಕೆ ಮಿತಿಯಿಲ್ಲ.

ನಡುವಿನ ವರ್ಷಗಳಲ್ಲಿ ಸಂಸದರು ಸದನದ ಹೊರಗೆ ಮಾಡಿದ ಕೆಲಸಗಳೂ ಇವೆ. ವಾಯವ್ಯ ಮುಂಬೈಯ ಸಂಸದರಾಗಿದ್ದ ನಟ ಸುನಿಲ್ ದತ್ 1987ರಲ್ಲಿ ಪಂಜಾಬಿನ ಶಾಂತಿಗಾಗಿ ಮುಂಬೈಯಿಂದ ಅಮೃತಸರದವರೆಗೆ ಸುಮಾರು 2,000 ಕಿಲೋಮೀಟರ್ ನಡೆದುಹೋದರು. ಅದೇ ಪಂಜಾಬಿಗಾಗಿ ಸಂಸತ್ತು 1985ರಲ್ಲೇ ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯನ್ನು ಮಾಡಿಕೊಂಡಿತ್ತು.

ಎರಡು ದಾರಿಗಳು ಸ್ಪಷ್ಟವಾಗಿ ಕವಲೊಡೆದದ್ದು 1992-93ರ ಚಳಿಗಾಲದಲ್ಲಿ. ಬಾಬ್ರಿ ಮಸೀದಿ ಉರುಳಿದ ಬಳಿಕ ಡಿಸೆಂಬರ್ ಮತ್ತು ಜನವರಿಯಲ್ಲಿ ಮುಂಬೈಯಲ್ಲಿ ನಡೆದ ಗಲಭೆಗಳಲ್ಲಿ 900 ಮಂದಿ ಸತ್ತರು. ಅವರಲ್ಲಿ 575 ಮಂದಿ ಮುಸ್ಲಿಮರು, 275 ಮಂದಿ ಹಿಂದೂಗಳು. ಮಾರ್ಚ್ 12ರ ಸರಣಿ ಬಾಂಬ್ ಸ್ಫೋಟಗಳಲ್ಲಿ 257 ಮಂದಿ ಸತ್ತರು. ಸ್ಫೋಟದ ಪ್ರಕರಣ ಟಾಡಾ ನ್ಯಾಯಾಲಯಕ್ಕೆ ಹೋಯಿತು. ವರ್ಷಗಳು ಹಿಡಿದರೂ 2006-07ರಲ್ಲಿ 100 ಮಂದಿಗೆ ಶಿಕ್ಷೆಯಾಯಿತು. ಗಲಭೆಯ ಪ್ರಕರಣ ವಿಚಾರಣಾ ಆಯೋಗಕ್ಕೆ ಹೋಯಿತು. ಹೆಸರಿನಲ್ಲೇ ಕನ್ನಡನಾಡಿನ ಊರೊಂದನ್ನು ಹೊತ್ತ ನ್ಯಾಯಮೂರ್ತಿ ಬೆಳ್ಳೂರು ನಾರಾಯಣಸ್ವಾಮಿ ಶ್ರೀಕೃಷ್ಣ ಐದು ವರ್ಷ ಸಾಕ್ಷ್ಯಗಳನ್ನು ಆಲಿಸಿದರು. 1996ರ ಜನವರಿಯಲ್ಲಿ ರಾಜ್ಯ ಸರ್ಕಾರ ಆಯೋಗವನ್ನೇ ರದ್ದುಮಾಡಿ, ಮೇ ತಿಂಗಳಲ್ಲಿ ವಾಜಪೇಯಿಯವರ ಮಾತಿಗೆ ಕಿವಿಗೊಟ್ಟು ಮತ್ತೆ ಸ್ಥಾಪಿಸಿತು. 1998ರ ಫೆಬ್ರವರಿ 16ರಂದು ಸಲ್ಲಿಕೆಯಾದ ವರದಿ ಆಗಸ್ಟ್ 6ರಂದು ವಿಧಾನಮಂಡಲದ ಮುಂದೆ ಬಂತು, ಸರ್ಕಾರ ಅದನ್ನು ಒಪ್ಪಲಿಲ್ಲ. ಕಾನೂನಿನ ಪ್ರಕಾರ ಆಯೋಗದ ವರದಿ ಬರಿಯ ಶಿಫಾರಸು. ನ್ಯಾಯಾಲಯದ ತೀರ್ಪಲ್ಲ, ಒಪ್ಪಲೇಬೇಕೆಂದಿಲ್ಲ. ಅದು ಹೆಸರಿಸಿದ 31 ಪೊಲೀಸರ ಪೈಕಿ ಜೈಲು ಕಂಡವರನ್ನು ಹುಡುಕುವುದು ಕಷ್ಟ. ಗಲಭೆಯ ಕಾಲದ ಪ್ರಚೋದನಕಾರಿ ಭಾಷಣಕ್ಕಾಗಿ 2008ರಲ್ಲಿ ಒಂದು ವರ್ಷದ ಶಿಕ್ಷೆಗೊಳಗಾದ ಶಿವಸೇನೆಯ ಮಧುಕರ್ ಸರ್ಪೋತದಾರ್, ಆ ಭಾಷಣಕ್ಕೂ ತೀರ್ಪಿಗೂ ನಡುವೆ, 1996 ಮತ್ತು 1998ರಲ್ಲಿ, ಎರಡು ಸಲ ಲೋಕಸಭೆಗೆ ಆರಿಸಿಹೋಗಿದ್ದರು.

ಟಾಡಾ 1995ರಲ್ಲಿ ಅವಧಿ ಮುಗಿದು ಬಿದ್ದುಹೋದರೂ ಅದರ ಜಾಗ ಖಾಲಿ ಉಳಿಯಲಿಲ್ಲ. ಮಹಾರಾಷ್ಟ್ರ 1999ರಲ್ಲಿ ಸಂಘಟಿತ ಅಪರಾಧಗಳ ನಿಯಂತ್ರಣಕ್ಕೆ ಮೋಕಾ ಕಾಯ್ದೆ ತಂದಿತು. ಅದನ್ನು ಮಾದರಿಯಾಗಿಟ್ಟುಕೊಂಡು ಕರ್ನಾಟಕ 2000ದಲ್ಲಿ ಕೋಕಾ ಮಾಡಿಕೊಂಡಿತು. ಮುಂಬೈಯ ಭೂಗತ ಲೋಕದ ಭಯಕ್ಕೆ ಬರೆದ ಔಷಧಿಚೀಟಿ ಬೆಂಗಳೂರಿನಲ್ಲೂ ಚಾಲ್ತಿಗೆ ಬಂತು. ಕೇಂದ್ರದ ಹೊಸ ಭಯೋತ್ಪಾದನೆ ತಡೆ ಕಾಯ್ದೆ ಪೋಟಾವನ್ನು 2002ರ ಮಾರ್ಚ್ 26ರಂದು ಎರಡೂ ಸದನಗಳ ಜಂಟಿ ಅಧಿವೇಶನ ಕರೆದು ಪಾಸು ಮಾಡಬೇಕಾಯಿತು. 2004ರಲ್ಲಿ ಅದು ರದ್ದಾದಾಗ ಅದರೊಳಗಿನ ಭಯೋತ್ಪಾದನೆಯ ಅಧ್ಯಾಯ ಸದ್ದಿಲ್ಲದೆ ಯುಎಪಿಎ ಒಳಗೆ ಸೇರಿಕೊಂಡಿತು.

ಇನ್ನು 2008ರ ಡಿಸೆಂಬರ್. ನವೆಂಬರ್ 26ರ ರಾತ್ರಿ ಕೊಲಾಬಾದ ಮೀನುಗಾರರ ಕಾಲೊನಿಯ ದಡಕ್ಕೆ ರಬ್ಬರ್ ದೋಣಿಯಲ್ಲಿ ಬಂದಿಳಿದ ಹತ್ತು ಮಂದಿ 166 ಜನರನ್ನು ಕೊಂದಿದ್ದರು. ದಾಳಿಯಾದ ಮುಖ್ಯ ಜಾಗಗಳೆಲ್ಲ ದಕ್ಷಿಣ ಮುಂಬೈ ಕ್ಷೇತ್ರದಲ್ಲೇ ಇದ್ದವು. ಗೃಹ ಸಚಿವ ಶಿವರಾಜ್ ಪಾಟೀಲ್ ನವೆಂಬರ್ 30ರಂದು ರಾಜೀನಾಮೆ ಕೊಟ್ಟರು, ಅವರ ಜಾಗಕ್ಕೆ ಬಂದ ಪಿ. ಚಿದಂಬರಂ ಡಿಸೆಂಬರ್ 16ರಂದು ಎರಡು ಮಸೂದೆಗಳನ್ನು ಮಂಡಿಸಿದರು. ಒಂದು ರಾಷ್ಟ್ರೀಯ ತನಿಖಾ ಸಂಸ್ಥೆಯನ್ನು ಹುಟ್ಟುಹಾಕುವುದು, ಇನ್ನೊಂದು ಯುಎಪಿಎ ತಿದ್ದುಪಡಿ. ಲೋಕಸಭೆ 17ರಂದು, ರಾಜ್ಯಸಭೆ 18ರಂದು ಒಪ್ಪಿದವು, 31ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಮಸೂದೆಗಳನ್ನು ವಿವರವಾಗಿ ಪರಿಶೀಲಿಸುವ ಸಂಸದೀಯ ಸ್ಥಾಯಿ ಸಮಿತಿಗೆ ಹೋಗುವ ಪ್ರಶ್ನೆಯೇ ಏಳಲಿಲ್ಲ. ಹೊಸ ಕಾಯ್ದೆಯ 6ನೇ ಸೆಕ್ಷನ್‌ನ 5ನೇ ಉಪಸೆಕ್ಷನ್ ಪ್ರಕಾರ ರಾಜ್ಯವನ್ನು ಕೇಳದೆಯೇ ಕೇಂದ್ರ ಒಂದು ಪ್ರಕರಣವನ್ನು ತನಿಖಾ ಸಂಸ್ಥೆಗೆ ಒಪ್ಪಿಸಬಹುದು. ಮಂಗಳವಾರದ ಉತ್ತರದಲ್ಲಿನ 'ಆದರೂ' ಗಟ್ಟಿಯಾಗಿ ನೆಲೆಯೂರಿದ್ದು ಇಲ್ಲಿ. ಇದೆಲ್ಲದರ ಬಿಸಿ ಬಡವರಿಗೆ ತಟ್ಟಿದ್ದು ಬೇರೆ ರೂಪದಲ್ಲಿ: ತಲೆಮಾರುಗಳಿಂದ ಕಡಲಿಗಿಳಿಯುತ್ತಿದ್ದ ಮೊಗವೀರರು, ಕೋಲಿ ಸಮುದಾಯದ ಮೀನುಗಾರರು ಬೆರಳಚ್ಚು ಕೊಟ್ಟು ಗುರುತಿನ ಕಾರ್ಡ್ ಮಾಡಿಸಿಕೊಳ್ಳಬೇಕಾಯಿತು.

ಆ ಡಿಸೆಂಬರ್‌ನಲ್ಲೇ ಇನ್ನೊಂದು ಮಸೂದೆ ರಾಜ್ಯಸಭೆಯಲ್ಲಿ ಮೂರು ವರ್ಷದಿಂದ ಬಿದ್ದುಕೊಂಡಿತ್ತು. ಗುಜರಾತಿನ 2002ರ ಹಿಂಸೆಯ ನಂತರ ಯುಪಿಎ ಸರ್ಕಾರ 2005ರ ಡಿಸೆಂಬರ್‌ನಲ್ಲಿ ಮಂಡಿಸಿದ ಕೋಮು ಹಿಂಸೆ ತಡೆ ಮತ್ತು ಸಂತ್ರಸ್ತರ ಪುನರ್ವಸತಿ ಮಸೂದೆ ಅದು. ಸ್ಥಾಯಿ ಸಮಿತಿ ಒಂದು ವರ್ಷ ಪರಿಶೀಲಿಸಿ ವರದಿ ಕೊಟ್ಟಿತು. 2011ರಲ್ಲಿ ಸೋನಿಯಾ ಗಾಂಧಿ ನೇತೃತ್ವದ ರಾಷ್ಟ್ರೀಯ ಸಲಹಾ ಮಂಡಳಿ ಬೇರೆಯದೇ ಕರಡು ಸಿದ್ಧಪಡಿಸಿತು. ಬಹುಸಂಖ್ಯಾತರನ್ನು ಮೊದಲೇ ಅಪರಾಧಿಗಳೆಂದು ಎಣಿಸುತ್ತದೆ ಎಂದು ಬಿಜೆಪಿ ವಿರೋಧಿಸಿದರೆ, ಸಂತ್ರಸ್ತರ ಪರ ಕೆಲಸ ಮಾಡುವ ಕೆಲವರಿಗೆ ಮೊದಲ ಕರಡು ಅಧಿಕಾರಿಗಳಿಗೇ ಇನ್ನಷ್ಟು ಬಲ ಕೊಡುವಂತೆ ಕಂಡಿತ್ತು. ಎರಡೂ ಆಕ್ಷೇಪಗಳಲ್ಲಿ ತಿರುಳಿತ್ತೆಂದೇ ನನ್ನ ಎಣಿಕೆ. ಕೊನೆಗೆ 2014ರ ಫೆಬ್ರವರಿ 5ರಂದು ಹೊಸ ರೂಪದಲ್ಲಿ ಮಂಡಿಸಲು ಹೊರಟಾಗ ಬಿಜೆಪಿಯ ಜೊತೆ ಎಡಪಕ್ಷ, ಸಮಾಜವಾದಿ ಪಕ್ಷ, ದ್ರಾವಿಡ ಪಕ್ಷಗಳೂ ಎದ್ದುನಿಂತು, ಸುವ್ಯವಸ್ಥೆ ರಾಜ್ಯದ ವಿಷಯ, ಇದು ಒಕ್ಕೂಟ ವ್ಯವಸ್ಥೆಗೆ ಧಕ್ಕೆ ಎಂದರು. ಮಂಡನೆಯೇ ಮುಂದೂಡಲ್ಪಟ್ಟಿತು, ಮತ್ತೆ ಮೇಲೇಳಲಿಲ್ಲ. ಒಕ್ಕೂಟದ ವಾದ ಹುಸಿಯೆಂದು ನಾನು ಹೇಳುತ್ತಿಲ್ಲ. ಐದು ವರ್ಷಗಳ ಹಿಂದೆ ತನಿಖಾ ಸಂಸ್ಥೆಯ ಮಸೂದೆಯ ಮುಂದೆ ಇದೇ ವಾದಕ್ಕೆ ಇಷ್ಟು ಬಲವಿರಲಿಲ್ಲ ಎಂಬುದು ಕಣ್ಣಿಗೆ ಕಾಣುವ ಸಂಗತಿ.

ಸರ್ಕಾರ ತರದಿದ್ದರೆ ಸಂಸದರೇ ಖಾಸಗಿ ಸದಸ್ಯರ ಮಸೂದೆ ತರಬಹುದಲ್ಲ ಎಂದು ಕೇಳುವವರಿದ್ದಾರೆ. ತರಬಹುದು, ಅದಕ್ಕೆ ಶುಕ್ರವಾರದ ಮಧ್ಯಾಹ್ನ ಎರಡೂವರೆ ಗಂಟೆ ಮೀಸಲಿದೆ. ಅಂಥ ಮಸೂದೆಯೊಂದು ಎರಡೂ ಸದನಗಳನ್ನು ದಾಟಿ ಕಾಯ್ದೆಯಾದದ್ದು ಕಡೆಯ ಬಾರಿಗೆ 1970ರಲ್ಲಿ.

ರಾಜ್ಯ ಮಟ್ಟದಲ್ಲಿ ಚಿತ್ರ ಸ್ವಲ್ಪ ಬೇರೆ. ಜಾತಿ-ಜನಾಂಗಗಳ ಪಂಚರು ಹಾಕುವ ಬಹಿಷ್ಕಾರವನ್ನು ತಡೆಯಲು ಮುಂಬೈ ಪ್ರಾಂತ್ಯ 1949ರಷ್ಟು ಹಿಂದೆಯೇ ಕಾಯ್ದೆ ಮಾಡಿತ್ತು. ದಾವೂದಿ ಬೋಹ್ರಾ ಧರ್ಮಗುರುಗಳ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1962ರಲ್ಲಿ ಅದನ್ನು ಅನೂರ್ಜಿತಗೊಳಿಸಿತು. ಐದು ದಶಕಗಳ ಬಳಿಕ, ಪುಣೆಯಲ್ಲಿ 2013ರಲ್ಲಿ ಹತ್ಯೆಯಾದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಕಟ್ಟಿದ್ದ ಸಂಘಟನೆಯ ಒತ್ತಾಯಕ್ಕೆ ಫಲ ದೊರೆತು, ಮಹಾರಾಷ್ಟ್ರದ ವಿಧಾನಮಂಡಲ 2016ರಲ್ಲಿ ಸಾಮಾಜಿಕ ಬಹಿಷ್ಕಾರ ತಡೆ ಮಸೂದೆಯನ್ನು ಒಮ್ಮತದಿಂದ ಒಪ್ಪಿತು. ಅದೇ ವಿಧಾನಮಂಡಲ ನಕ್ಸಲ್ ನಂಟಿನ ಸಂಘಟನೆಗಳನ್ನು ಹತೋಟಿಗೆ ತರಲೆಂದು 2024ರಲ್ಲಿ ಮಂಡನೆಯಾದ ವಿಶೇಷ ಜನಸುರಕ್ಷಾ ಮಸೂದೆಯನ್ನು ಜಂಟಿ ಸಮಿತಿಗೆ ಕಳಿಸಿ, ಸಾರ್ವಜನಿಕರಿಂದ 12 ಸಾವಿರಕ್ಕೂ ಹೆಚ್ಚು ಸಲಹೆಗಳನ್ನು ಪಡೆದು, ಕೆಲವು ಪದಗಳನ್ನು ಬದಲಿಸಿ 2025ರ ಜುಲೈನಲ್ಲಿ ಪಾಸು ಮಾಡಿತು. ಭಿನ್ನಮತವನ್ನು ಹತ್ತಿಕ್ಕಲು ಇದು ಬಳಕೆಯಾದೀತೆಂಬ ಅಂಜಿಕೆ ಇನ್ನೂ ಹೋಗಿಲ್ಲ. ಹಾಗಿದ್ದರೂ ಭದ್ರತೆಯ ಮಸೂದೆಯನ್ನೂ ಒಂದು ವರ್ಷ ಕಾಯಿಸಬಹುದೆಂಬುದು ಸಾಬೀತಾಯಿತು. ಅದೇ ಜುಲೈ 21ರಂದು, 2006ರ ಲೋಕಲ್ ರೈಲು ಸ್ಫೋಟಗಳ ಪ್ರಕರಣದಲ್ಲಿ ಮೋಕಾ ನ್ಯಾಯಾಲಯ ಶಿಕ್ಷಿಸಿದ್ದ 12 ಮಂದಿಯನ್ನೂ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ಕಾಯ್ದೆ ಎಷ್ಟು ಬಿಗಿಯಾಗಿದ್ದರೂ ತನಿಖೆ ಸಡಿಲವಾದರೆ ಏನಾಗುತ್ತದೆಂಬುದನ್ನು ಹತ್ತೊಂಬತ್ತು ವರ್ಷ ಕಾದು ಕೂತಿದ್ದ ಎರಡೂ ಕಡೆಯ ಕುಟುಂಬಗಳು ಅಂದು ಕಂಡವು.

ಸಂಸತ್ತು ಸಾಮರಸ್ಯದ ವಿಷಯದಲ್ಲಿ ಇತ್ತೀಚೆಗೆ ಬರೆದ ಒಂದು ಸಾಲು ಹಳೆಯ ದಂಡಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್‌ನಲ್ಲಿದೆ. ಜನಾಂಗ, ಜಾತಿ, ಜನ್ಮಸ್ಥಳ, ಭಾಷೆ ಮುಂತಾದ ಕಾರಣಕ್ಕೆ ಐದು ಅಥವಾ ಹೆಚ್ಚು ಮಂದಿ ಕೂಡಿ ಮಾಡುವ ಕೊಲೆಗೆ ಅದು ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಈ ಸಂಹಿತೆ 2023ರ ಡಿಸೆಂಬರ್‌ನಲ್ಲಿ ಸದನ ದಾಟಿದಾಗ ವಿರೋಧ ಪಕ್ಷಗಳ ನೂರಕ್ಕೂ ಹೆಚ್ಚು ಸದಸ್ಯರು ಅಮಾನತಿನಲ್ಲಿದ್ದುದರಿಂದ, ಪಟ್ಟಿಯಲ್ಲಿ ಧರ್ಮ ಎಂಬ ಪದ ಯಾಕಿಲ್ಲವೆಂದು ಪಟ್ಟುಹಿಡಿದು ಕೇಳಬೇಕಾದವರಲ್ಲಿ ಅನೇಕರು ಹೊರಗಿದ್ದರು.

ಯಾವ ಸೆಕ್ಷನ್‌ಗೂ ಸೇರದ ಒಂದು ವ್ಯವಸ್ಥೆಯೂ ಈ ಇತಿಹಾಸದಲ್ಲಿದೆ. ಮುಂಬೈ ಬಳಿಯ ಭೀವಂಡಿಯಲ್ಲಿ 1984ರ ಗಲಭೆಯ ನಂತರ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ 1988ರಲ್ಲಿ ಎರಡೂ ಸಮುದಾಯಗಳ ಸಾಮಾನ್ಯರನ್ನು ಕೂರಿಸಿ ಮೊಹಲ್ಲಾ ಸಮಿತಿಗಳನ್ನು ಮಾಡಿದ್ದರು. 1992-93ರಲ್ಲಿ ಮುಂಬೈ ಉರಿದಾಗ ಭೀವಂಡಿ ಶಾಂತವಾಗಿತ್ತು. ಆ ಬಳಿಕ ಮುಂಬೈಯ ಪೊಲೀಸ್ ಆಯುಕ್ತ ಸತೀಶ್ ಸಾಹ್ನಿ ಮತ್ತು ಮಾಜಿ ಆಯುಕ್ತ ಜೂಲಿಯೊ ರಿಬೇರೊ ಮುಂತಾದವರು ಇದನ್ನು ನಗರಕ್ಕೆ ತಂದರು. ಇಂದಿಗೂ ಗಣೇಶೋತ್ಸವ, ಮೊಹರಂ ಹತ್ತಿರವಾದಾಗ ಠಾಣೆಗಳಲ್ಲಿ ಶಾಂತಿ ಸಮಿತಿಯ ಸಭೆ ಕರೆಯುತ್ತಾರೆ.

ಮಧ್ಯ ಮುಂಬೈಯ ಒಂದು ಠಾಣೆಯ ಅಂಥ ಸಭೆಯಲ್ಲಿ ಪರಿಚಿತ ಹೋಟೆಲ್ ಮಾಲೀಕರೊಬ್ಬರ ಜೊತೆ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವರು ಕುಂದಾಪುರದ ಕಡೆಯವರು, ಚಹಾ ಅವರ ಹೋಟೆಲಿನದೇ. ಉದ್ದನೆಯ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಮೊಬೈಲ್ ನಂಬರು ಬರೆದು ಉದ್ಯೋಗದ ಅಂಕಣದಲ್ಲಿ 'ಹೋಟೆಲ್' ಎಂದು ಬರೆದರು. ಮೆರವಣಿಗೆಯ ದಾರಿ, ಧ್ವನಿವರ್ಧಕದ ಹೊತ್ತು, ಮಸೀದಿಯ ಎದುರು ಬ್ಯಾಂಡು ಎಷ್ಟು ನಿಮಿಷ ನಿಲ್ಲಬಹುದು ಎಂಬ ಮಾತುಗಳೆಲ್ಲ ಮುಗಿದ ಮೇಲೆ ಗಡ್ಡದ ಮುದುಕರೊಬ್ಬರು ಎದ್ದು, ಮಸೀದಿಯ ತಿರುವಿನ ಬೀದಿದೀಪ ಎಂಟು ದಿನದಿಂದ ಉರಿಯುತ್ತಿಲ್ಲ, ಕತ್ತಲಲ್ಲಿ ಒಬ್ಬನ ಕಾಲು ಇನ್ನೊಬ್ಬನಿಗೆ ತಗುಲಿದರೂ ಸಾಕು ಎಂದರು. ಗಣೇಶೋತ್ಸವ ಮಂಡಲದ ಹುಡುಗರು ಹೌದೆಂದು ತಲೆಯಾಡಿಸಿದರು. ಇನ್‌ಸ್ಪೆಕ್ಟರ್ ಅಲ್ಲೇ ವಾರ್ಡ್ ಕಚೇರಿಗೆ ಫೋನ್ ಹಚ್ಚಿದರು.