ಬೆಳಕು ಅಷ್ಟೇ ಇದೆ, ಪಾಪೆ ಯಾಕೆ ಕುಗ್ಗಿತು?

ಪ್ರಶ್ನೆ: ಬೆಳಕು ಜಾಸ್ತಿಯಾದರೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ ಅಂತ ಗೊತ್ತು. ಹತ್ತಿರದ ವಸ್ತು ನೋಡಿದಾಗಲೂ ಚಿಕ್ಕದಾಗುತ್ತದಂತೆ, ಹೌದಾ? ಬೆಳಕು ಬದಲಾಗಿಲ್ಲ ಅಂದಮೇಲೆ ಹಾಗೇಕೆ?

ಉತ್ತರ: ಹೌದು, ಆಗುತ್ತದೆ. ಮೊದಲು ಕಣ್ಣಾರೆ ನೋಡಿಬಿಡಿ. ಜೊತೆಗೊಬ್ಬರು ಬೇಕು. ಅವರು ಎದುರಿನ ಗೋಡೆ ನೋಡುತ್ತಿರಲಿ. ಅದೇ ನೇರಕ್ಕೆ, ಅವರ ಕಣ್ಣಿಂದ ಒಂದು ಗೇಣು ದೂರದಲ್ಲಿ ಪೆನ್ನು ಹಿಡಿದು, ಅದರ ತುದಿ ನೋಡಲು ಹೇಳಿ. ಎರಡೂ ಕಣ್ಣು ಮೂಗಿನ ಕಡೆ ತಿರುಗುತ್ತವೆ, ಜೊತೆಗೇ ಪಾಪೆ ಕುಗ್ಗುತ್ತದೆ. ಮತ್ತೆ ಗೋಡೆ ನೋಡಿದರೆ ಹಿಗ್ಗುತ್ತದೆ. ಕಡುಕಪ್ಪು ಕಣ್ಣಿನವರಲ್ಲಿ ಪಾಪೆಯ ಅಂಚು ಸುಲಭಕ್ಕೆ ಕಾಣದು, ಪಕ್ಕದಿಂದ ಸ್ವಲ್ಪ ಬೆಳಕಿರಲಿ. ಪೆನ್ನಿನ ಬದಲು ಮೊಬೈಲ್ ಮಾತ್ರ ಹಿಡಿಯಬೇಡಿ. ಪಾಪೆ ಅದರ ಬೆಳಕಿಗೇ ಕುಗ್ಗಿಬಿಟ್ಟರೆ ಪರೀಕ್ಷೆ ಕೆಟ್ಟಂತೆ.

ಹತ್ತಿರ ನೋಡುವಾಗ ಕಣ್ಣು ಒಟ್ಟಿಗೇ ಮೂರು ಕೆಲಸ ಮಾಡುತ್ತದೆ. ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ. ಲೆನ್ಸ್ ಸುತ್ತಲಿನ ಸ್ನಾಯು ಬಿಗಿಯಾಗುತ್ತದೆ. ಆಗ ಲೆನ್ಸನ್ನು ಎಳೆದು ಹಿಡಿದಿದ್ದ ಸಣ್ಣ ಎಳೆಗಳು ಸಡಿಲಾಗಿ, ಲೆನ್ಸ್ ಉಬ್ಬುತ್ತದೆ. ಮೂರನೆಯದು ಪಾಪೆ ಕುಗ್ಗುವುದು. ಮೂರಕ್ಕೂ ಆಜ್ಞೆ ಹೋಗುವುದು ಮಿದುಳಿನಿಂದ ಹೊರಡುವ ಮೂರನೇ ನರದ ಮೂಲಕವೇ.

ಕುಗ್ಗಿದರೆ ಲಾಭವೇನು? ಲೆನ್ಸಿನ ನಡುಭಾಗದಿಂದ ಬಂದ ಕಿರಣ ಮತ್ತು ಅಂಚಿನಿಂದ ಬಂದ ಕಿರಣ ಸರಿಯಾಗಿ ಒಂದೇ ಕಡೆ ಸೇರುವುದಿಲ್ಲ. ಪಾಪೆ ಚಿಕ್ಕದಾದರೆ ಅಂಚಿನ ಕಿರಣಗಳಿಗೆ ದಾರಿ ಇಲ್ಲ. ಫೋಕಸ್ ಅಷ್ಟಿಷ್ಟು ತಪ್ಪಿದ್ದರೂ ಮಸುಕು ಕಡಿಮೆಯಾಗುತ್ತದೆ. ಕನ್ನಡಕ ಹಾಕುವವರು ಇದನ್ನೂ ನೋಡಬಹುದು: ರಟ್ಟಿನ ಚೂರಿಗೆ ಸೂಜಿಯಿಂದ ತೂತು ಮಾಡಿ, ಕನ್ನಡಕ ತೆಗೆದು ಆ ತೂತಿನಲ್ಲಿ ಸಣ್ಣಕ್ಷರ ನೋಡಿ. ಬೆಳಕು ಕಡಿಮೆ ಅನ್ನಿಸುತ್ತದೆ, ಆದರೆ ಅಕ್ಷರ ಬಿಡಿಬಿಡಿಯಾಗಿ ಓದಲು ಸಿಗುತ್ತದೆ.

ಇದು ಬೆಳಕಿನ ಆಟವಲ್ಲ ಅನ್ನುವುದಕ್ಕೆ ನನಗೆ ತುಂಬಾ ಹಿಡಿಸಿದ ಸಾಕ್ಷಿ ಒಂದು ಕಾಯಿಲೆಯಿಂದ ಬಂದದ್ದು. 1869ರಲ್ಲಿ ಸ್ಕಾಟ್ಲೆಂಡಿನ ಕಣ್ಣಿನ ವೈದ್ಯ ಡಗ್ಲಸ್ ಆರ್ಗೈಲ್ ರಾಬರ್ಟ್‌ಸನ್ ವಿಚಿತ್ರ ಪಾಪೆಗಳ ಬಗ್ಗೆ ಬರೆದರು. ಟಾರ್ಚ್ ಬಿಟ್ಟರೂ ಕುಗ್ಗದ ಪಾಪೆ, ಹತ್ತಿರದ ವಸ್ತು ನೋಡಿದೊಡನೆ ಕುಗ್ಗುತ್ತದೆ! ಮುಂದೆ ಇದು ನರಗಳಿಗೆ ತಗುಲಿದ ಸಿಫಿಲಿಸ್‌ನ ಗುರುತು ಅಂತ ಹೆಸರಾಯಿತು. ಬೆಳಕಿನ ಸುದ್ದಿ ರೆಟಿನಾದಿಂದ ಒಂದು ದಾರಿಯಲ್ಲಿ ಬರುತ್ತದೆ, ಹತ್ತಿರ ನೋಡುವ ಆಜ್ಞೆ ಮಿದುಳಿನ ಬೇರೆ ದಾರಿಯಿಂದ ಇಳಿಯುತ್ತದೆ. ಒಂದು ದಾರಿ ಹಾಳಾದರೂ ಇನ್ನೊಂದು ಉಳಿಯಬಹುದು, ಅಲ್ವಾ?

ಇನ್ನು ಚಾಳೀಸಿನ ಮಾತು. ನಲವತ್ತರ ಆಸುಪಾಸಿನಲ್ಲಿ ಲೆನ್ಸ್ ಗಡುಸಾಗಿ, ಬೇಕಾದಷ್ಟು ಉಬ್ಬುವುದಿಲ್ಲ. ಪಾಪೆ ಮಾತ್ರ ತನ್ನ ಪಾಲಿನ ಕೆಲಸ ಬಿಡುವುದಿಲ್ಲ. ಓದಲು ಕಷ್ಟವಾದವರು ಪುಸ್ತಕ ಹಿಡಿದು ಕಿಟಕಿ ಹತ್ತಿರ ಹೋಗುತ್ತಾರಲ್ಲ, ಅಲ್ಲಿನ ಬೆಳಕಿಗೆ ಪಾಪೆ ಇನ್ನಷ್ಟು ಚಿಕ್ಕದಾಗಿ ಅಕ್ಷರ ಸ್ಪಷ್ಟವಾಗುತ್ತದೆ. ಪಾಪೆಯನ್ನು ಕುಗ್ಗಿಸುವ ಪೈಲೋಕಾರ್ಪಿನ್ ಹನಿಗೆ ಅಮೆರಿಕದಲ್ಲಿ 2021ರಲ್ಲಿ ಚಾಳೀಸಿಗೆಂದೇ ಒಪ್ಪಿಗೆ ಸಿಕ್ಕಿದ್ದೂ ಈ ಲೆಕ್ಕಾಚಾರದ ಮೇಲೆಯೇ. ಆದರೆ ಅದಕ್ಕೊಂದು ಬೆಲೆ ಇದೆ: ಹನಿಯ ಪ್ರಭಾವ ಇರುವಷ್ಟು ಹೊತ್ತು ಮಬ್ಬು ಬೆಳಕಿನಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ, ರಾತ್ರಿ ಗಾಡಿ ಓಡಿಸುವವರು ಹುಷಾರಾಗಿರಬೇಕು.