ಗಿಡಕ್ಕಿಂತ ಚೀಟಿ ದೊಡ್ಡದು

ಅಮೆರಿಕದ ಯೂಟಾ ರಾಜ್ಯದ ಪೂರ್ವ ಭಾಗದಲ್ಲಿ, ಕೊಲರಾಡೊ ನದಿ ಕೊರೆದ ಕಮರಿಗಳ ಆಸುಪಾಸಿನಲ್ಲಿ ಬೂದು ಬಣ್ಣದ ಬೋಳು ದಿಬ್ಬಗಳಿವೆ. ಮ್ಯಾಂಕೋಸ್ ಶೇಲ್ ಎಂಬ ಆ ಜೇಡಿಗಲ್ಲು ಎಂಟೊಂಬತ್ತು ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿದ್ದ ಕೆಸರು. ನೆನೆದರೆ ಅಂಟು, ಒಣಗಿದರೆ ಬಿರುಕು, ಜೊತೆಗೆ ಉಪ್ಪು. ಹೆಚ್ಚಿನ ಗಿಡಗಳು ಹತ್ತಿರ ಸುಳಿಯದ ಈ ನೆಲದಲ್ಲಿ ವಸಂತಕ್ಕೆ ಸರಿಯಾಗಿ ಸೇವಂತಿಗೆಯ ಬಳಗದ ಒಂದು ಕಾಡು ಆಸ್ಟರ್ ಹೂಬಿಡುತ್ತದೆ. ಬುಡ ಕಟ್ಟಿಗೆಯಾದ ಕುಳ್ಳ ಗಿಡ. ಬಿಳಿ ಅಥವಾ ತಿಳಿನೇರಳೆ ಎಸಳು, ನಡುವೆ ಹಳದಿ. ಸಸ್ಯವಿಜ್ಞಾನಿ ಮಾರ್ಕಸ್ ಜೋನ್ಸ್ 1895ರಲ್ಲಿ ಇದನ್ನು ವಿವರಿಸಿ ಪ್ರಕಟಿಸಿದರು. ಈಗಿನ ಹೆಸರು ಕ್ಸೈಲೊರೈಜ ವೆನಸ್ಟ.

ಈ ಗಿಡವನ್ನು ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ, ನೋಡುವವರಿಗೆ ಕಾಣುವುದು ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿದ ಕಂದುಬಣ್ಣದ ರೆಂಬೆ. ನಿಜ ಹೇಳಬೇಕೆಂದರೆ ನೋಡಲು ಏನೂ ಚೆಂದವಿಲ್ಲ. ಬೆಲೆಯಿರುವುದು ಹಾಳೆಯ ಮೂಲೆಯ ಚೀಟಿಗೆ: ಯಾರು, ಯಾವಾಗ, ಎಲ್ಲಿ, ಎಂಥ ಮಣ್ಣಿನಲ್ಲಿ. ಹಳೆಯ ಚೀಟಿಗಳಲ್ಲಿ ಈ ‘ಎಲ್ಲಿ’ ಎಂಬುದೇ ತಲೆನೋವು. ಎಷ್ಟೋ ಸಲ ಹತ್ತಿರದ ಊರಿನ ಹೆಸರಷ್ಟೇ ಇರುತ್ತದೆ. ಬಯಲುಸೀಮೆಯಲ್ಲಾದರೆ ಅಷ್ಟು ಸಾಕೇನೋ. ಕಮರಿಯ ನಾಡಿನಲ್ಲಿ ಒಂದೆರಡು ಕಿಲೋಮೀಟರ್ ಸರಿದರೆ ನೂರಾರು ಮೀಟರ್ ಎತ್ತರ ಬದಲಾಗುತ್ತದೆ, ಬಂಡೆಯೂ ಬೇರೆಯಾಗುತ್ತದೆ. ಹಾಗಾಗಿ ಇಂದು ಹಳೆಯ ದಾಖಲೆಗಳನ್ನು ನಕ್ಷೆಗೆ ಏರಿಸುವವರು ಅಕ್ಷಾಂಶ, ರೇಖಾಂಶಗಳ ಪಕ್ಕದಲ್ಲಿ ‘ಇಷ್ಟು ದೂರದವರೆಗೆ ತಪ್ಪಿರಬಹುದು’ ಎಂಬ ಅಂದಾಜನ್ನೂ ಬರೆಯುತ್ತಾರೆ.

ನಕ್ಷೆಯನ್ನು ನಂಬುವಾಗಲೂ ಎಚ್ಚರ ಬೇಕು. ಚುಕ್ಕೆಗಳು ರಸ್ತೆ, ರೈಲುಹಳಿಗಳ ಗುಂಟ ಸಾಲುಗಟ್ಟಿದ್ದರೆ ಗಿಡಕ್ಕೆ ಡಾಂಬರಿನ ಮೇಲೆ ಪ್ರೀತಿ ಎಂದರ್ಥವಲ್ಲ. ಸಸ್ಯವಿಜ್ಞಾನಿಗಳು ಸುಲಭವಾಗಿ ಹೋಗಬಲ್ಲ ದಾರಿ ಅದು. ಚುಕ್ಕೆಯಿಲ್ಲದ ಕಡೆ ಗಿಡವೂ ಇಲ್ಲ ಎನ್ನಲು ಬರುವುದಿಲ್ಲ.

ಮಣ್ಣಿನ ಬಗ್ಗೆ ಬರೆದ ಒಂದು ಸಾಲು ಎಷ್ಟು ಮುಖ್ಯ ಎಂಬುದು ಗೊತ್ತಾದದ್ದು ದನಗಳಿಂದ. 1930ರ ದಶಕದಲ್ಲಿ ವಯೋಮಿಂಗ್ ರಾಜ್ಯದ ರಸಾಯನವಿಜ್ಞಾನಿ ಆರ್ವಿಲ್ ಬೀತ್ ಜಾನುವಾರುಗಳಿಗೆ ವಿಷವಾಗುತ್ತಿದ್ದ ಮೇವನ್ನು ಪರೀಕ್ಷಿಸುತ್ತಿದ್ದರು. ಕೆಲವು ಗಿಡಗಳು ಮಣ್ಣಿನಲ್ಲಿದ್ದ, ಹೆಚ್ಚಾದರೆ ವಿಷವಾಗುವ ಸೆಲೆನಿಯಂ ಧಾತುವನ್ನು ಹೀರಿ ಒಳಗೆ ಕೂಡಿಟ್ಟುಕೊಳ್ಳುತ್ತಿದ್ದವು. ಸೆಲೆನಿಯಂ ಇರುವ ನೆಲದ ಗುರುತಾಗಬಲ್ಲ ಗಿಡಗಳ ಪಟ್ಟಿಯಲ್ಲಿ ಕ್ಸೈಲೊರೈಜ ಕುಲವೂ ಸೇರಿತು. ಕೊಲರಾಡೊ ಪ್ರಸ್ಥಭೂಮಿಯಲ್ಲಿ ಸೆಲೆನಿಯಂ ಯುರೇನಿಯಂ ಅದಿರಿನ ಜೊತೆಗಾರ. ಅಣುಬಾಂಬಿನ ಪೈಪೋಟಿಯ 1950ರ ದಶಕದಲ್ಲಿ ಅಮೆರಿಕದ ಭೂಸರ್ವೇಕ್ಷಣಾ ಇಲಾಖೆಯ ಹೆಲೆನ್ ಕ್ಯಾನನ್ ಇಂಥ ಸೆಲೆನಿಯಂ ಗಿಡಗಳ, ಮುಖ್ಯವಾಗಿ ಅವರೆಯ ಕುಟುಂಬಕ್ಕೆ ಸೇರಿದ ಆಸ್ಟ್ರಗಾಲಸ್‌ನ, ಜಾಡು ಹಿಡಿದು ಅದಿರು ಹುಡುಕಿದರು.

ಕೆಲವು ಚೀಟಿಗಳು ಹೇಳುವ ಜಾಗಕ್ಕೆ ಮತ್ತೆ ಹೋಗುವಂತೆಯೇ ಇಲ್ಲ. 1963ರಲ್ಲಿ ಕೊಲರಾಡೊ ನದಿಗೆ ಕಟ್ಟಿದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಬಾಗಿಲು ಮುಚ್ಚಿ ಲೇಕ್ ಪೊವೆಲ್ ಜಲಾಶಯ ತುಂಬತೊಡಗಿತು. ಅದಕ್ಕೆ ಮುನ್ನ ಯೂಟಾ ವಿಶ್ವವಿದ್ಯಾಲಯದವರು ಆ ಕಮರಿಯ ಸಸ್ಯ, ಪ್ರಾಣಿಗಳನ್ನು ಅವಸರವಸರವಾಗಿ ದಾಖಲಿಸಿದ್ದರು. ಬರದಿಂದಾಗಿ 2023ರಲ್ಲಿ ಜಲಾಶಯ ತುಂಬಿದ ನಂತರದ ಅತಿ ಕೆಳಮಟ್ಟಕ್ಕೆ ಇಳಿದಾಗ ಕಮರಿಯ ಬದಿಗಳು ಮತ್ತೆ ಹೊರಬಂದವು. ಮರಳಿ ಚಿಗುರುವ ಗಿಡಗಳು ಹಿಂದೆ ಅಲ್ಲಿದ್ದವೋ, ಹೊಸದಾಗಿ ಬಂದ ಕಳೆಯೋ ಎಂದು ತೀರ್ಮಾನಿಸಲು ಮುಳುಗಡೆಗೆ ಮೊದಲಿನ ಆ ದಾಖಲೆಗಳನ್ನೇ ತೆಗೆಯಬೇಕು.