ಹೆಜ್ಜೆ ಸದ್ದು ಬೆನ್ನ ಹಿಂದೆ ಬರಬೇಕು, ತಲೆಯೊಳಗೇ ಕೇಳಿಸುತ್ತಿದೆ: ಏನು ಮಾಡೋಣ?

ಪ್ರಶ್ನೆ: ನಮ್ಮದು ಚಿತ್ರದುರ್ಗದ ಹವ್ಯಾಸಿ ನಾಟಕ ತಂಡ. ಕತ್ತಲಾದ ಮೇಲೆ ಕೋಟೆಯೊಳಗೆ ಸಿಕ್ಕಿಕೊಂಡ ಇಬ್ಬರ ಕಥೆಯನ್ನು ಹೆಡ್‌ಫೋನಿನಲ್ಲಿ ಕೇಳುವ ಭಯಾನಕ ಬಾನುಲಿ ನಾಟಕ ಮಾಡುತ್ತಿದ್ದೇವೆ. ಹಿಂದಿನಿಂದ ಬರುವ ಹೆಜ್ಜೆಯನ್ನು ಎಷ್ಟು ಪ್ಯಾನ್ ಮಾಡಿದರೂ ಅದು ತಲೆಯೊಳಗೇ ಓಡಾಡುತ್ತದೆ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಪ್ಯಾನ್ ಮಾಡುವುದರಲ್ಲೇ. ಅದು ಒಂದು ಕಿವಿಗೆ ಸದ್ದು ಏರಿಸಿ ಇನ್ನೊಂದಕ್ಕೆ ಇಳಿಸುತ್ತದೆ, ಅಷ್ಟೇ. ಹಾಗಾಗಿ ಸದ್ದು ಎರಡು ಕಿವಿಗಳ ನಡುವಿನ ಗೆರೆ ಬಿಟ್ಟು ಆಚೆ ಹೋಗುವುದಿಲ್ಲ.

ನಿಜವಾದ ಸದ್ದು ಬಲಗಡೆಯಿಂದ ಬಂದರೆ ಎಡಗಿವಿಗೆ ಸುಮಾರು 0.6 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ, ತಲೆ ಅಡ್ಡ ಬರುವುದರಿಂದ ಮಂಕೂ ಆಗುತ್ತದೆ. ಎಡ ಬಲ ಗೊತ್ತಾಗುವುದು ಇದರಿಂದ. ಆದರೆ ನೇರ ಮುಂದೆ ಮತ್ತು ನೇರ ಹಿಂದೆ ಇರುವ ಸದ್ದು ಎರಡೂ ಕಿವಿಗೆ ಒಂದೇ ಹೊತ್ತಿಗೆ, ಒಂದೇ ಜೋರಿನಲ್ಲಿ ಬರುತ್ತದೆ. ಆಗ ಮುಂದೆ ಯಾವುದು, ಹಿಂದೆ ಯಾವುದು ಎಂದು ಹೇಳುವುದು ಕಿವಿಯ ಹಾಲೆ. ಅದರ ಮಡಿಕೆಗಳು ಸುಮಾರು 4,000 ಹರ್ಟ್ಸ್‌ಗಿಂತ ಮೇಲಿನ ತೀಕ್ಷ್ಣ ಸದ್ದನ್ನು ಬಂದ ದಿಕ್ಕಿಗೆ ತಕ್ಕಂತೆ ತಿದ್ದುತ್ತವೆ. ಆದ್ದರಿಂದ ರೆಕಾರ್ಡಿಂಗೇ ಕಿವಿಯ ಜಾಗದಲ್ಲಿ ನಡೆಯಬೇಕು.

ಇದಕ್ಕೆ ದುಬಾರಿ ಗೊಂಬೆತಲೆ (ಕಿವಿಯಲ್ಲಿ ಮೈಕು ಕೂರಿಸಿದ ಮನುಷ್ಯನ ತಲೆಯ ಪ್ರತಿರೂಪ) ಬೇಕಿಲ್ಲ. ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಎರಡು ಪುಟ್ಟ ಎಲೆಕ್ಟ್ರೆಟ್ ಮೈಕು, ಅವಕ್ಕೆ ಪ್ಲಗ್-ಇನ್ ಪವರ್ (ಮೈಕಿನ ತಂತಿಯಲ್ಲೇ ಹೋಗುವ ಸಣ್ಣ ವಿದ್ಯುತ್ತು) ಕೊಡುವ ಸ್ಟೀರಿಯೊ ರೆಕಾರ್ಡರ್ ಸಾಕು. ಮೈಕುಗಳನ್ನು ತಂಡದ ಒಬ್ಬರ ಕಿವಿರಂಧ್ರದ ಬಾಯಲ್ಲೇ ಕೂರಿಸಿ. ಅವರು ಕುರ್ಚಿಯಲ್ಲಿ ಅಲ್ಲಾಡದೆ ಕೂರಬೇಕು. ಉಗುಳು ನುಂಗಿದರೂ ಕೇಳಿಸುತ್ತದೆ, ಸಿಂಥೆಟಿಕ್ ಬಟ್ಟೆ ಬೇಡವೇ ಬೇಡ. ಸುತ್ತ ಸೀಮೆಸುಣ್ಣದಲ್ಲಿ 2 ಮೀಟರ್ ತ್ರಿಜ್ಯದ ವೃತ್ತ ಬರೆದು, ಕೂತವರ ಮೂಗಿನ ನೇರಕ್ಕೆ 12 ಬರುವಂತೆ ಗಡಿಯಾರದ ಹಾಗೆ ಅಂಕಿ ಹಾಕಿ. ನಟರು ಆ ಅಂಕಿಗಳ ಮೇಲೆ ನಡೆಯಲಿ. ಪಿಸುಮಾತಿಗೆ ಮಾತ್ರ ಕಿವಿಯಿಂದ 10–15 ಸೆಂಟಿಮೀಟರ್ ಹತ್ತಿರ ಬರಲಿ.

48 ಕಿಲೊಹರ್ಟ್ಸ್, 24 ಬಿಟ್ ವೇವ್ ಫೈಲ್ ಇಡಿ. ಸದ್ದಿನ ಮಟ್ಟವನ್ನು ತಾನಾಗಿ ಏರಿಳಿಸುವ ಆಟೊ ಗೇನ್ ಕಡ್ಡಾಯವಾಗಿ ಆಫ್. ಅದು ಪಿಸುಮಾತನ್ನೂ ಕಿರುಚನ್ನೂ ಒಂದೇ ಎತ್ತರಕ್ಕೆ ತಂದರೆ ದೂರ ಹತ್ತಿರದ ಅಂದಾಜೇ ಹೋಗುತ್ತದೆ. ಶುರು ಮಾಡುವ ಮೊದಲು ಕೂತವರ ಮೂಗಿನ ನೇರಕ್ಕೆ ಚಿಟಿಕೆ ಹೊಡೆದು ನೋಡಿ, ಎರಡೂ ಚಾನೆಲ್‌ನಲ್ಲಿ ಮಟ್ಟ ಸರಿಸಮ ಇರಬೇಕು. ಆಮೇಲೆ ಬಲಗಿವಿಯ ಪಕ್ಕ ಒಂದು ಚಿಟಿಕೆ: ಎಡ ಬಲ ಅದಲುಬದಲಾಗಿದ್ದರೆ ಈಗಲೇ ಸಿಕ್ಕಿಬೀಳುತ್ತದೆ. ಎಡಿಟ್ ಮಾಡುವಾಗ ಚಾನೆಲ್‌ಗಳಿಗೆ ಬೇರೆ ಬೇರೆಯಾಗಿ ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಗದ್ದಲ ತೆಗೆಯುವ ಎಫೆಕ್ಟ್) ಹಾಕಬೇಡಿ. ದಿಕ್ಕಿನ ಸುಳಿವು ಅದರಲ್ಲೇ ಅಳಿದುಹೋಗುತ್ತದೆ.

ಇಷ್ಟಾದರೂ ಸದ್ದು ತಲೆಯೊಳಗೇ ಉಳಿದರೆ ಕಾರಣ ಸಾಮಾನ್ಯವಾಗಿ ಕೋಣೆ. ಕಂಬಳಿ, ಹಾಸಿಗೆ ನೇತುಹಾಕಿ ಪ್ರತಿಧ್ವನಿ ಪೂರ್ತಿ ತೆಗೆದವರಿಗೆ ಹೀಗಾಗುತ್ತದೆ. ಗೋಡೆಗೆ ತಾಗಿ ಮರಳುವ ಸದ್ದೇ ಮಿದುಳಿಗೆ ‘ಇದು ಹೊರಗಿನದು’ ಎಂದು ಹೇಳುವುದು. ತಲೆಯಿಂದ 1 ಮೀಟರ್ ದೂರದ ಕಲ್ಲುಗೋಡೆಗೆ ಸದ್ದು ಹೋಗಿ ಬರಲು ಸುಮಾರು 6 ಮಿಲಿಸೆಕೆಂಡ್ ಬೇಕು. ಓಬವ್ವನ ಕಿಂಡಿಯಂಥ ಇಕ್ಕಟ್ಟಿನ ಬಂಡೆಸಂದಿಗೂ ಬಯಲಿಗೂ ಇರುವ ವ್ಯತ್ಯಾಸವನ್ನು ಕಣ್ಣು ಮುಚ್ಚಿದರೂ ಹೇಳಬಹುದಾದದ್ದು ಈ ಲೆಕ್ಕದಿಂದಲೇ. ಕೋಟೆಯಲ್ಲೇ ರೆಕಾರ್ಡ್ ಮಾಡುವ ಆಸೆಯಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲು ಕೇಳಿ. ದುರ್ಗದ ಗಾಳಿಯನ್ನೂ ಮರೆಯಬೇಡಿ. ಜೋಗಿಮಟ್ಟಿ ಕಡೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ, ಆ ಗಾಳಿ ಬರಿಯ ಮೈಕಿಗೆ ಬಡಿದರೆ ಗುಡುಗಿನಂಥ ಗೊರಗೊರ ಬಿಟ್ಟು ಏನೂ ಉಳಿಯದು. ತುಪ್ಪಳದ ಹೊದಿಕೆ ಇದ್ದರೂ ಆಷಾಢದಲ್ಲಿ ಕಷ್ಟ. ಹಳೆಯ ಕಲ್ಲುಚಪ್ಪಡಿ ಮನೆಯ ಪಡಸಾಲೆ ನಿಮಗೆ ಹೆಚ್ಚು ಒದಗುತ್ತದೆ.

ಈಗ ಸದ್ದಿನ ಆಯ್ಕೆ. ‘ಧಪ್ ಧಪ್’ ಎನ್ನುವ ಮಂದ ಹೆಜ್ಜೆಯಲ್ಲಿ ತೀಕ್ಷ್ಣ ಅಂಶವೇ ಕಡಿಮೆ; ಅದು ಹಿಂದೆಯೋ ಮುಂದೆಯೋ ಹೇಳಲು ಕಿವಿಗೆ ಏನೂ ಸಿಗದು. ಹವಾಯಿ ಚಪ್ಪಲಿ ಎಳೆದು ನಡೆಯುವುದು, ತರಗೆಲೆ, ಬೆಂಕಿಕಡ್ಡಿ ಗೀರುವುದು, ಉಸಿರು: ಇವು ಜಾಗದಲ್ಲಿ ಗಟ್ಟಿಯಾಗಿ ಕೂರುತ್ತವೆ. ಗೆಜ್ಜೆಯೂ ಕೂರುತ್ತದೆ, ಆದರೆ ಗೆಜ್ಜೆ ಕಟ್ಟಿದ ದೆವ್ವ ಸವೆದುಹೋಗಿದೆ. ತರಗೆಲೆ ಸಿಗದಿದ್ದರೆ ದಾವಣಗೆರೆಯ ಗರಿಗರಿ ಮಂಡಕ್ಕಿಯನ್ನು ಬಟ್ಟೆಚೀಲದಲ್ಲಿ ತುಂಬಿ ಹೆಜ್ಜೆಯ ಲಯಕ್ಕೆ ಕೈಯಿಂದ ಅದುಮಿ. ತಿನ್ನುವ ಪದಾರ್ಥ, ತುಳಿಯುವುದು ಬೇಡ. ಥಂಡಿ ಹಿಡಿದು ಮೆತ್ತಗಾದದ್ದು ಕೆಲಸಕ್ಕೆ ಬಾರದು.

ಒಂದು ಅನುಕೂಲ ನಿಮ್ಮ ಪರವಾಗಿದೆ. ಹೊರಗಡೆ ಅನುಮಾನ ಬಂದರೆ ನಾವು ತಲೆ ತಿರುಗಿಸಿ ಖಚಿತ ಮಾಡಿಕೊಳ್ಳುತ್ತೇವೆ. ಹೆಡ್‌ಫೋನಿನಲ್ಲಿ ತಲೆಯ ಜೊತೆ ಸದ್ದೂ ತಿರುಗುತ್ತದೆ. ಕಣ್ಣಿಗೂ ಏನೂ ಕಾಣದ್ದರಿಂದ ಮುಂದಿನ ಸದ್ದೇ ಎಷ್ಟೋ ಸಲ ಹಿಂದೆ ಕೇಳಿಸುತ್ತದೆ. ಅಂದರೆ ಕಷ್ಟವಿರುವುದು ‘ಮುಂದೆ’ ತೋರಿಸುವುದರಲ್ಲಿ. ಎದುರು ನಿಂತು ಮಾತಾಡುವ ಪಾತ್ರವನ್ನು 12ರ ಅಂಕಿಯಲ್ಲಿ ನಿಲ್ಲಿಸದೆ 11 ಅಥವಾ 1ಕ್ಕೆ ಸರಿಸಿ. ನಿರೂಪಕರ ದನಿಯನ್ನು ಮಾತ್ರ ಬೇಕೆಂದೇ ಮೋನೊದಲ್ಲಿ (ಎರಡೂ ಕಿವಿಗೆ ಒಂದೇ ಸದ್ದು), ತಲೆಯೊಳಗೆ ಇಡಿ. ಒಳಗಿನ ಆ ದನಿ ಥಟ್ಟನೆ ನಿಂತು ಹೊರಗೆ ಒಂದು ತರಗೆಲೆ ಮುರಿದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇಕಿಲ್ಲ.

ಕಿರುಚನ್ನು ಮಾತಿಗಿಂತ 12 ಡೆಸಿಬೆಲ್‌ಗಿಂತ ಹೆಚ್ಚು ಏರಿಸಬೇಡಿ. ಪಿಸುಮಾತು ಕೇಳಲು ವಾಲ್ಯೂಮ್ ಏರಿಸಿಕೊಂಡವರ ಕಿವಿ ಅದು.

ಕಳಿಸುವಾಗಲೂ ಕೆಡಬಹುದು. ವಾಟ್ಸಾಪ್ ವಾಯ್ಸ್ ಮೆಸೇಜ್ ಆಗಿ ಕಳಿಸಿದರೆ ಎರಡು ಚಾನೆಲ್ ಒಂದಾಗುತ್ತದೆ. 256 ಕೆಬಿಪಿಎಸ್ ಎಂಪಿ3 ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋನಿನ ಸೆಟ್ಟಿಂಗ್‌ನಲ್ಲಿ ‘ಮೋನೊ ಆಡಿಯೊ’ ಆನ್ ಇದ್ದರೂ ಅದೇ ಗತಿ. ‘3ಡಿ’, ‘ಸರೌಂಡ್’ ಎಂಬ ಎಫೆಕ್ಟ್‌ಗಳನ್ನು ಆಫ್ ಮಾಡಲು ಕೇಳುಗರಿಗೆ ಆರಂಭದಲ್ಲೇ ಹೇಳಿ. ಬಾನುಲಿ ಕೇಂದ್ರದ ಪ್ರಸಾರಕ್ಕೆ ಕೊಡುವುದಾದರೆ ಬೇರೆ ಮಿಕ್ಸ್ ಬೇಕು: ಈ ರೆಕಾರ್ಡಿಂಗ್ ಒಂದೇ ಸ್ಪೀಕರಿನಲ್ಲಿ ಕೂಡಿಕೊಂಡಾಗ ಪಕ್ಕದಿಂದ ಬಂದ ಮಾತು ಟೊಳ್ಳಾಗುತ್ತದೆ.

ಕೊನೆಯ ಪರೀಕ್ಷೆಗೆ ಕಥೆ ಗೊತ್ತಿಲ್ಲದ ಐವರನ್ನು ಕೂರಿಸಿ. ಕಣ್ಣು ಮುಚ್ಚಿಸಿ, ಹೆಜ್ಜೆ ಬಂದ ದಿಕ್ಕಿಗೆ ಕೈ ತೋರಿಸಲು ಹೇಳಿ. ಹಾಲೆಯ ಆಕಾರ ಒಬ್ಬೊಬ್ಬರದು ಒಂದೊಂದು ತರ, ಹಾಗಾಗಿ ಐದಕ್ಕೆ ಐದು ಬರುವುದು ಅಪರೂಪ. ನಾಲ್ವರು ಹೆಗಲ ಹಿಂದಕ್ಕೆ ಕೈ ತೋರಿಸಿದರೆ ಆ ಟೇಕ್ ಇಟ್ಟುಕೊಳ್ಳಿ. ಇಬ್ಬರೇ ಆದರೆ ಹೆಜ್ಜೆಯನ್ನು 6ರ ಅಂಕಿಯಿಂದ 5ಕ್ಕೆ ಸರಿಸಿ, ಚಪ್ಪಲಿ ಬದಲಿಸಿ ಮತ್ತೆ ರೆಕಾರ್ಡ್ ಮಾಡಿ.